ಯಹೂದಿ–ಮುಸ್ಲಿಂ ಜೊತೆ ಪಾಠ: ಬ್ರಿಟನ್ನಿನ ಶಾಲೆಗಳಲ್ಲಿ ಪೂರ್ವಗ್ರಹದ ಕುರಿತ ಮಾತುಕತೆ (ಪದೇ ಪದೇ ಕೇಳುವ ಪ್ರಶ್ನೆಗಳು)

ಒಬ್ಬ ಯಹೂದಿ ಮತ್ತು ಒಬ್ಬ ಮುಸ್ಲಿಂ ಜೊತೆಯಾಗಿ ಶಾಲೆಗೆ ಹೋಗಿ, ಹದಿಹರೆಯದ ಮಕ್ಕಳ ಮುಂದೆ ನಿಂತು, ಜನರನ್ನು ಅವರ ಹುಟ್ಟು ಮತ್ತು ನಂಬಿಕೆಯ ಮೇಲೆ ಅಳೆಯುವ ಅಭ್ಯಾಸದ ಬಗ್ಗೆ ಮಾತನಾಡುವ ಪದ್ಧತಿ ಬ್ರಿಟನ್ನಿನಲ್ಲಿ ಕೆಲವು ವರ್ಷಗಳಿಂದ ನಡೆದುಬಂದಿದೆ. ಅಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳೂ ಇಂಥ ತರಗತಿಗಳಲ್ಲಿ ಕುಳಿತಿರುತ್ತಾರೆ. ಈ ಕುರಿತು ಪೋಷಕರಿಗೆ, ಶಿಕ್ಷಕರಿಗೆ ಮತ್ತು ಕುತೂಹಲದ ಓದುಗರಿಗೆ ಬರಬಹುದಾದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಈ ಪಾಠಗಳನ್ನು ನಡೆಸುವವರು ಯಾರು?

ಬ್ರಿಟನ್ನಿನ ಯಹೂದಿ ಸಮುದಾಯದ ಕ್ರೀಡಾ ಮತ್ತು ಯುವಜನ ಸಂಸ್ಥೆಯಾದ ಮಕಾಬಿ ಜಿಬಿಯ ಆಶ್ರಯದಲ್ಲಿ 2017ರ ಜನವರಿಯಲ್ಲಿ ‘ಸ್ಟ್ಯಾಂಡ್ ಅಪ್! ಎಜುಕೇಷನ್ ಅಗೇನ್ಸ್ಟ್ ಡಿಸ್ಕ್ರಿಮಿನೇಷನ್’ ಎಂಬ ಕಾರ್ಯಕ್ರಮ ಆರಂಭವಾಯಿತು. ಇದರ ವಿಶೇಷವೆಂದರೆ ಪಾಠ ನಡೆಸಿಕೊಡುವವರು ಯಹೂದಿ ಮತ್ತು ಮುಸ್ಲಿಂ ತರಬೇತುದಾರರು. ಅವರು ಹೋಗುವುದು ಎಲ್ಲ ಹಿನ್ನೆಲೆಯ ಮಕ್ಕಳೂ ಓದುವ ಸಾಮಾನ್ಯ ಶಾಲೆಗಳಿಗೆ. ಜನಾಂಗೀಯ ತಾರತಮ್ಯ, ಯಹೂದಿ ದ್ವೇಷ ಮತ್ತು ಮುಸ್ಲಿಂ ದ್ವೇಷ ಈ ಪಾಠದ ಮುಖ್ಯ ವಿಷಯಗಳು.

ಇದು ಒಂಟಿ ಪ್ರಯತ್ನವೇನಲ್ಲ. 1997ರಲ್ಲಿ ಯಹೂದಿ ಉದ್ಯಮಿ ಸರ್ ಸಿಗ್ಮಂಡ್ ಸ್ಟರ್ನ್‌ಬರ್ಗ್, ಮುಸ್ಲಿಂ ವಿದ್ವಾಂಸ ಶೇಖ್ ಝಾಕಿ ಬದಾವಿ ಮತ್ತು ಆಂಗ್ಲಿಕನ್ ಪಾದ್ರಿ ಮಾರ್ಕಸ್ ಬ್ರೇಬ್ರುಕ್ ಸೇರಿ ಕಟ್ಟಿದ ‘ತ್ರೀ ಫೇತ್ಸ್ ಫೋರಂ’ ಇಂದು ‘ಫೇತ್ ಅಂಡ್ ಬಿಲೀಫ್ ಫೋರಂ’ ಎಂಬ ಹೆಸರಿನಲ್ಲಿ ಶಾಲೆಗಳಲ್ಲಿ ಕೆಲಸ ಮಾಡುತ್ತಿದೆ. 2015ರಲ್ಲಿ ಯಹೂದಿ ಮತ್ತು ಮುಸ್ಲಿಂ ಮಹಿಳೆಯರು ಸೇರಿ ‘ನಿಸಾ-ನಶೀಂ’ ಎಂಬ ಬಳಗವನ್ನು ಕಟ್ಟಿದರು. ಅರಬ್ಬಿಯ ‘ನಿಸಾ’, ಹೀಬ್ರೂವಿನ ‘ನಶೀಂ’ ಎರಡಕ್ಕೂ ಹೆಂಗಸರು ಎಂದೇ ಅರ್ಥ. ಎರಡು ಭಾಷೆಗಳು ಒಂದೇ ಬೇರಿನವು ಎಂಬುದನ್ನು ಆ ಹೆಸರೇ ಹೇಳಿಬಿಡುತ್ತದೆ.

ಪೂರ್ವಗ್ರಹವೆಂದರೆ ದ್ವೇಷವೇ?

ಅಲ್ಲ, ಮತ್ತು ಈ ವ್ಯತ್ಯಾಸವನ್ನು ಮಕ್ಕಳಿಗೆ ಮೊದಲೇ ಬಿಡಿಸಿ ಹೇಳದಿದ್ದರೆ ಉಳಿದ ಪಾಠವೆಲ್ಲ ಅವರಿಗೆ ಬೈಗುಳದಂತೆ ಕೇಳಿಸುತ್ತದೆ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು ಎಂಬ ನಮ್ಮ ಮಾತು ಅಡುಗೆಮನೆಯಲ್ಲಿ ಸರಿ. ಅದನ್ನೇ ಮನುಷ್ಯರಿಗೆ ಹಚ್ಚಿ, ಒಬ್ಬನನ್ನು ಕಂಡು ಅವನ ಊರು, ಜಾತಿ, ಮತವನ್ನೆಲ್ಲ ಕಂಡೆ ಎಂದುಕೊಳ್ಳುವುದು ಪೂರ್ವಗ್ರಹ. ಒಂದು ಅಗುಳನ್ನೂ ಮುಟ್ಟದೆ ಯಾರೋ ಹೇಳಿದ್ದನ್ನು ನಂಬಿಕೊಂಡಿರುವವರೇ ಹೆಚ್ಚು. ಪೂರ್ವಗ್ರಹ ಮನಸ್ಸಿನಲ್ಲಿರುವ ಎಣಿಕೆ; ಅದರ ಬಲದ ಮೇಲೆ ಒಬ್ಬರಿಗೆ ಕೆಲಸವನ್ನೋ ಬಾಡಿಗೆ ಮನೆಯನ್ನೋ ಆಟದ ತಂಡದಲ್ಲಿ ಜಾಗವನ್ನೋ ನಿರಾಕರಿಸಿದರೆ ಅದು ತಾರತಮ್ಯ; ಅದೇ ಕಾರಣಕ್ಕೆ ಹೊಡೆದರೆ, ಬೆದರಿಸಿದರೆ, ಕಟ್ಟಡಕ್ಕೆ ಬಣ್ಣ ಎರಚಿದರೆ ಬ್ರಿಟನ್ನಿನ ಕಾನೂನಿನ ಕಣ್ಣಿನಲ್ಲಿ ಅದು ದ್ವೇಷಾಪರಾಧ. ಮೊದಲನೆಯದು ತನ್ನಲ್ಲಿಯೂ ಇದೆ ಎಂದು ಒಪ್ಪಿಕೊಳ್ಳಲು ಮಗುವಿಗೆ ನಾಚಿಕೆಯಾಗಬಾರದು. ಒಪ್ಪಿಕೊಳ್ಳಲು ಅವಕಾಶವಿರುವಲ್ಲಿ ಮಾತ್ರ ಮಕ್ಕಳು ನಿಜ ಮಾತನಾಡುತ್ತಾರೆ.

ಬೇರೆ ಸಮುದಾಯಗಳನ್ನು ಬಿಟ್ಟು ಈ ಎರಡೇ ಏಕೆ?

2021ರ ಜನಗಣತಿಯಂತೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮುಸ್ಲಿಮರು ಸುಮಾರು 39 ಲಕ್ಷ, ಅಂದರೆ ಜನಸಂಖ್ಯೆಯ ಶೇ 6.5, ಯಹೂದಿಗಳು ಸುಮಾರು 2.71 ಲಕ್ಷ, ಶೇ 0.5ರಷ್ಟು ಮಾತ್ರ. 2024ರ ಮಾರ್ಚ್‌ಗೆ ಮುಗಿದ ವರ್ಷದಲ್ಲಿ ಅಲ್ಲಿನ ಪೊಲೀಸರು ದಾಖಲಿಸಿದ 10 ಸಾವಿರಕ್ಕೂ ಹೆಚ್ಚು ಧಾರ್ಮಿಕ ದ್ವೇಷಾಪರಾಧಗಳಲ್ಲಿ 3,866 ಮುಸ್ಲಿಮರ ವಿರುದ್ಧ, 3,282 ಯಹೂದಿಗಳ ವಿರುದ್ಧ ನಡೆದವು. ಸಂಖ್ಯೆಯಲ್ಲಿ ಮುಸ್ಲಿಮರ ಮೇಲಿನವು ಹೆಚ್ಚು. ಜನಸಂಖ್ಯೆಗೆ ಹೋಲಿಸಿದರೆ ಯಹೂದಿಗಳ ಮೇಲಿನವು ಬಹಳ ಹೆಚ್ಚು. ಯಾರಿಗೆ ಹೆಚ್ಚು ನೋವು ಎಂದು ಈ ಅಂಕಿಗಳನ್ನು ತಕ್ಕಡಿಗೆ ಹಾಕುವವರು ಎರಡೂ ಕಡೆ ಇದ್ದಾರೆ. ಆ ತಕ್ಕಡಿಯನ್ನು ಕೆಳಗಿಡುವುದೇ ಜೊತೆ ಪಾಠದ ಮೊದಲ ಕೆಲಸ.

ಇನ್ನೊಂದು ಕಾರಣ ದಿನನಿತ್ಯದ ಬದುಕಿಗೆ ಸೇರಿದ್ದು. ಯಹೂದಿಗಳ ಕೋಷರ್ ಮತ್ತು ಮುಸ್ಲಿಮರ ಹಲಾಲ್ ಮಾಂಸದ ನಿಯಮಗಳು, ಸುನ್ನತಿ, ಉಪವಾಸ, ತಲೆಯ ಮೇಲಿನ ಕಿಪ್ಪಾ (ಯಹೂದಿಗಳ ಪುಟ್ಟ ಟೋಪಿ) ಅಥವಾ ಹಿಜಾಬ್, ಪ್ರಾರ್ಥನೆಯ ಹೊತ್ತಿಗೆ ಹೊಂದದ ಶಾಲೆಯ ವೇಳಾಪಟ್ಟಿ ಇವೆಲ್ಲ ಎರಡೂ ಮನೆಗಳಿಗೆ ಸಮಾನ. ಪ್ರಾಣಿವಧೆಯ ವಿಧಾನವನ್ನು ನಿಷೇಧಿಸಬೇಕೆಂಬ ಮಾತು ಯೂರೋಪಿನ ಯಾವ ದೇಶದಲ್ಲಿ ಎದ್ದರೂ ಇಬ್ಬರಿಗೂ ಒಂದೇ ದಿನ ಬಿಸಿ ತಟ್ಟುತ್ತದೆ.

ಒಬ್ಬರೇ ಬಂದು ಹೇಳಿದರೆ ಸಾಲದೇ? ಇಬ್ಬರೂ ಏಕೆ?

ಇಡೀ ಕಾರ್ಯಕ್ರಮದ ಸತ್ವ ಈ ಪ್ರಶ್ನೆಯಲ್ಲಿದೆ. ಯಹೂದಿಯೊಬ್ಬರು ಯಹೂದಿ ದ್ವೇಷದ ಬಗ್ಗೆ ಮಾತನಾಡಿದರೆ ಮಕ್ಕಳು ಅದನ್ನು ಅಹವಾಲೆಂದು ಕೇಳುತ್ತಾರೆ. ಮುಸ್ಲಿಮರೊಬ್ಬರು ಮುಸ್ಲಿಂ ದ್ವೇಷದ ಬಗ್ಗೆ ಮಾತನಾಡಿದರೂ ಅಷ್ಟೇ. ತಮ್ಮವರಿಗೆ ಆದ ನೋವನ್ನು ತಾವೇ ಹೇಳಿಕೊಳ್ಳುವುದರಲ್ಲಿ ತಪ್ಪಿಲ್ಲ, ಆದರೆ ಕೇಳುವವರ ಮನಸ್ಸು ಅರ್ಧ ಬಾಗಿಲು ಹಾಕಿಕೊಂಡಿರುತ್ತದೆ. ಹಿಜಾಬ್ ತೊಟ್ಟ ಯುವತಿಯೊಬ್ಬಳು ‘ಯಹೂದಿಗಳೆಲ್ಲ ದುಡ್ಡಿನವರು’ ಎಂಬ ಮಾತು ಏಕೆ ಸುಳ್ಳು, ಅದು ಎಲ್ಲಿಂದ ಹುಟ್ಟಿತು ಎಂದು ವಿವರಿಸತೊಡಗಿದರೆ ತರಗತಿಯ ಗಮನವೇ ಬೇರೆಯಾಗುತ್ತದೆ. ಪಕ್ಕದಲ್ಲಿರುವ ಯಹೂದಿ ಯುವಕ ‘ಮುಸ್ಲಿಮರನ್ನು ಭಯೋತ್ಪಾದಕರೆಂದು ಕರೆಯುವುದು ತಮಾಷೆಯಲ್ಲ’ ಎಂದಾಗಲೂ ಹಾಗೆಯೇ. ಒಬ್ಬರ ಮೇಲಿನ ಆರೋಪಕ್ಕೆ ಇನ್ನೊಬ್ಬರು ಉತ್ತರ ಕೊಡುವಾಗ, ಕೊಡುವವರಿಗೆ ಅದರಿಂದ ಯಾವ ಲಾಭವೂ ಇಲ್ಲವೆಂಬುದು ಮಕ್ಕಳಿಗೆ ಹೇಳದೆಯೇ ತಿಳಿಯುತ್ತದೆ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಹೀಗೆ ಜೊತೆಯಾಗಿ ಹೋಗುವವರು ತಮ್ಮ ತಮ್ಮ ಸಮುದಾಯದೊಳಗೇ ‘ಅವರ ಕಡೆಯವನಾಗಿಬಿಟ್ಟೆ’ ಎಂಬ ಮಾತು ಕೇಳಬೇಕಾಗುತ್ತದೆ. ತನ್ನವರ ಪೂರ್ವಗ್ರಹವನ್ನು ತನ್ನವರ ಮುಂದೆಯೇ ಎತ್ತಿ ತೋರಿಸುವುದು ಈ ಕೆಲಸದ ಕಷ್ಟದ ಭಾಗ. ಶಾಲೆಯ ನಲವತ್ತೈವತ್ತು ನಿಮಿಷ ಅದರ ಮುಂದೆ ಸುಲಭ.

ತರಗತಿಯಲ್ಲಿ ನಿಜಕ್ಕೂ ಏನು ನಡೆಯುತ್ತದೆ?

ಸಂಸ್ಥೆಯಿಂದ ಸಂಸ್ಥೆಗೆ ವಿಧಾನ ಬೇರೆ, ಆದರೂ ಈ ಕ್ಷೇತ್ರದಲ್ಲಿ ಬಳಕೆಗೆ ಬಂದ ಕೆಲವು ಕ್ರಮಗಳನ್ನು ಗುರುತಿಸಬಹುದು. ಆರಂಭ ಸಾಮಾನ್ಯವಾಗಿ ಮಕ್ಕಳ ಸ್ವಂತ ಪರಿಚಯದಿಂದ. ನೀನು ಯಾರು ಎಂದು ಕೇಳಿದರೆ ಒಂದೇ ಮಗು ತಾನು ಮುಸ್ಲಿಂ, ಬಂಗಾಳಿ, ಲಂಡನ್ನಿನವಳು, ಎಡಗೈಯಲ್ಲಿ ಬರೆಯುವವಳು, ಮೂವರು ತಮ್ಮಂದಿರ ಅಕ್ಕ ಎಂದೆಲ್ಲ ಬರೆಯುತ್ತದೆ. ಇಷ್ಟರಲ್ಲಿ ಯಾವುದೋ ಒಂದನ್ನೇ ಹಿಡಿದು ನಿನ್ನನ್ನು ಕರೆದರೆ ಹೇಗನಿಸುತ್ತದೆ ಎಂಬ ಪ್ರಶ್ನೆಗೆ ಉತ್ತರ ಹುಡುಕುವಷ್ಟರಲ್ಲಿ, ಪಾಠ ಆರಂಭವಾಗಿದೆ ಎಂಬುದೂ ಅವರಿಗೆ ಗೊತ್ತಾಗಿರುವುದಿಲ್ಲ.

ಆಮೇಲೆ ಮಾತಿನ ನಿಯಮಗಳು ಬರುತ್ತವೆ. ‘ಮುಸ್ಲಿಮರು ಹೀಗೆ’, ‘ಯಹೂದಿಗಳು ಹಾಗೆ’ ಎನ್ನುವ ಬದಲು ‘ನನ್ನ ಮನೆಯಲ್ಲಿ ಹೀಗೆ’, ‘ನನಗೆ ಹೀಗನಿಸುತ್ತದೆ’ ಎಂದು ಮಾತನಾಡಬೇಕು. ಯಾರದಾದರೂ ಮಾತು ಚುಚ್ಚಿದರೆ ‘ನೋವಾಯಿತು’ ಎಂದು ಹೇಳುವ, ಬಾಯಿತಪ್ಪಿದವರು ‘ತಪ್ಪಾಯಿತು’ ಎಂದು ತಿದ್ದಿಕೊಳ್ಳುವ ಅವಕಾಶವನ್ನು ಮೊದಲೇ ಒಪ್ಪಿಕೊಂಡಿರುತ್ತಾರೆ. ಫೇತ್ ಅಂಡ್ ಬಿಲೀಫ್ ಫೋರಂ ಪ್ರಶ್ನೆ ಕೇಳುವುದನ್ನೇ ಒಂದು ಕಲೆಯಾಗಿ ಕಲಿಸುತ್ತದೆ: ಒಳ್ಳೆಯ ಮನಸ್ಸಿನಿಂದ ಕೇಳಿದ ಪ್ರಶ್ನೆಯೂ ಪದಗಳ ಆಯ್ಕೆಯಿಂದ ಆಪಾದನೆಯಾಗಬಹುದು. ‘ನಿಮ್ಮ ಅಪ್ಪ ನಿಮಗೆ ಬಲವಂತವಾಗಿ ಸ್ಕಾರ್ಫ್ ಹಾಕಿಸುತ್ತಾರಾ?’ ಮತ್ತು ‘ಸ್ಕಾರ್ಫ್ ಹಾಕಿಕೊಳ್ಳಲು ನೀವು ಹೇಗೆ ನಿರ್ಧರಿಸಿದಿರಿ?’ ಎಂಬ ಎರಡು ಪ್ರಶ್ನೆಗಳ ನಡುವೆ ಎಷ್ಟು ಅಂತರವಿದೆ ಎಂಬುದನ್ನು ಹದಿಮೂರರ ಮಗು ಒಮ್ಮೆ ಕಂಡುಕೊಂಡರೆ ಮತ್ತೆ ಮರೆಯುವುದಿಲ್ಲ.

ಕೊನೆಯ ಭಾಗ, ಪಕ್ಕದಲ್ಲಿ ಯಾರಿಗಾದರೂ ಅವಮಾನವಾಗುತ್ತಿರುವಾಗ ಏನು ಮಾಡಬಹುದು ಎಂಬುದು. ಬಸ್ಸಿನಲ್ಲಿ ಒಬ್ಬ ಹುಡುಗನ ಕಿಪ್ಪಾ ಕಿತ್ತೆಸೆದರೆ ಕಿತ್ತವನ ಎದುರು ಎದೆಯೊಡ್ಡಲು ಯಾರೂ ಹೇಳುವುದಿಲ್ಲ. ಹುಡುಗನ ಪಕ್ಕ ಹೋಗಿ ಕುಳಿತುಕೊಳ್ಳಬಹುದು, ಚಾಲಕರಿಗೆ ಹೇಳಬಹುದು, ನಡೆದದ್ದನ್ನು ಬರೆದಿಟ್ಟುಕೊಳ್ಳಬಹುದು, ಆಮೇಲೆ ‘ನಿನಗೆ ಹೇಗಿದೆ?’ ಎಂದು ಕೇಳಬಹುದು. ಸುಮ್ಮನೆ ನೋಡುತ್ತ ನಿಲ್ಲುವುದಕ್ಕೂ ಜಗಳಕ್ಕಿಳಿಯುವುದಕ್ಕೂ ನಡುವೆ ಇಷ್ಟೊಂದು ದಾರಿಗಳಿವೆ ಎಂಬುದು ಮಕ್ಕಳಿಗೆ ಸಾಮಾನ್ಯವಾಗಿ ಹೊಸ ಸುದ್ದಿ.

ಯಹೂದಿ ದ್ವೇಷ, ಮುಸ್ಲಿಂ ದ್ವೇಷ ಎರಡೂ ಒಂದೇ ಅಲ್ಲವೇ?

ಪರಿಣಾಮದಲ್ಲಿ ಹೋಲಿಕೆಯಿದ್ದರೂ ಸ್ವಭಾವದಲ್ಲಿ ಬೇರೆ. ಎರಡನ್ನೂ ಕಲಸಿಬಿಟ್ಟರೆ ಪಾಠ ಸಪ್ಪೆಯಾಗುತ್ತದೆ.

ಇಂಗ್ಲೆಂಡಿನಲ್ಲಿ ಯಹೂದಿ ದ್ವೇಷಕ್ಕೆ ಒಂಬತ್ತು ಶತಮಾನಗಳ ಚರಿತ್ರೆಯಿದೆ. 1144ರಲ್ಲಿ ನಾರಿಚ್ ಪಟ್ಟಣದ ಒಬ್ಬ ಹುಡುಗನ ಸಾವನ್ನು ಯಹೂದಿಗಳ ತಲೆಗೆ ಕಟ್ಟಿ, ಅವರು ಮಕ್ಕಳನ್ನು ಬಲಿ ಕೊಡುತ್ತಾರೆ ಎಂಬ ಕಟ್ಟುಕತೆ ಹಬ್ಬಿಸಲಾಯಿತು. ಅದು ಅಲ್ಲಿಂದ ಯೂರೋಪಿಗೆಲ್ಲ ಹರಿಯಿತು. 1190ರಲ್ಲಿ ಯಾರ್ಕ್ ನಗರದ ಕೋಟೆಯಲ್ಲಿ ಆಶ್ರಯ ಪಡೆದ ಸುಮಾರು 150 ಯಹೂದಿಗಳು ಸತ್ತರು. 1290ರಲ್ಲಿ ರಾಜ ಒಂದನೇ ಎಡ್ವರ್ಡ್ ಅವರೆಲ್ಲರನ್ನೂ ದೇಶದಿಂದ ಹೊರಹಾಕಿದ. ಮತ್ತೆ ನೆಲೆಸಲು ಅವಕಾಶ ಸಿಕ್ಕಿದ್ದು 1656ರಲ್ಲಿ. ಈ ದ್ವೇಷ ಯಹೂದಿಯನ್ನು ಬಲಹೀನನೆಂದು ಹೀಗಳೆಯುವುದಕ್ಕಿಂತ, ತೆರೆಯ ಹಿಂದೆ ನಿಂತು ಬ್ಯಾಂಕು, ಪತ್ರಿಕೆ, ಸರ್ಕಾರಗಳನ್ನು ಆಡಿಸುವವನೆಂದು ಶಂಕಿಸುತ್ತದೆ. ಹಾಗಾಗಿ ತನ್ನನ್ನು ತಾನು ಅನ್ಯಾಯದ ವಿರುದ್ಧದ ಹೋರಾಟವೆಂದೇ ತಿಳಿದುಕೊಂಡಿರುತ್ತದೆ. ಮುಸ್ಲಿಂ ದ್ವೇಷದ ಭಾಷೆ ಹಿಂಸೆ, ಹಿಂದುಳಿದಿರುವಿಕೆ, ಮತ್ತು ಸಂಖ್ಯೆಯಲ್ಲಿ ಬೆಳೆದು ದೇಶವನ್ನು ನುಂಗುತ್ತಾರೆ ಎಂಬ ಭಯದ ಸುತ್ತ ತಿರುಗುತ್ತದೆ.

ಎರಡೂ ಒಂದೆಡೆ ಗಂಟು ಹಾಕಿಕೊಳ್ಳುತ್ತವೆ. 2018ರ ಅಕ್ಟೋಬರ್ 27ರಂದು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಸಿನಗಾಗ್‌ಗೆ (ಯಹೂದಿಗಳ ಪ್ರಾರ್ಥನಾ ಮಂದಿರ) ನುಗ್ಗಿ 11 ಜನರನ್ನು ಕೊಂದವನು, ನಿರಾಶ್ರಿತರಿಗೆ ನೆರವಾಗುವ ಯಹೂದಿ ಸಂಸ್ಥೆಯೊಂದು ‘ಆಕ್ರಮಣಕಾರ’ರನ್ನು ಒಳಗೆ ತರುತ್ತಿದೆ ಎಂದು ಬರೆದಿದ್ದ. ಐದು ತಿಂಗಳೂ ಕಳೆಯದೆ, 2019ರ ಮಾರ್ಚ್ 15ರಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಎರಡು ಮಸೀದಿಗಳಲ್ಲಿ 51 ಜನರನ್ನು ಕೊಂದವನ ತಲೆಯಲ್ಲಿದ್ದದ್ದೂ ಬಿಳಿಯರ ಜಾಗಕ್ಕೆ ಅನ್ಯರು ಬಂದು ತುಂಬುತ್ತಿದ್ದಾರೆ ಎಂಬ ಅದೇ ಕತೆ. ಪಿಟ್ಸ್‌ಬರ್ಗ್‌ನ ಸಂತ್ರಸ್ತರಿಗಾಗಿ ಮುಸ್ಲಿಮರು ಎರಡು ಲಕ್ಷ ಡಾಲರಿಗೂ ಹೆಚ್ಚು ಹಣ ಕೂಡಿಸಿದರು. ಕ್ರೈಸ್ಟ್‌ಚರ್ಚ್‌ನವರಿಗಾಗಿ ಪಿಟ್ಸ್‌ಬರ್ಗ್‌ನ ಯಹೂದಿಗಳು ಕೈಚಾಚಿದರು. ಒಂದೇ ಸುಳ್ಳು ಇಬ್ಬರನ್ನೂ ಕೊಲ್ಲಬಲ್ಲದು ಎಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ನೇರವಾದ ಉದಾಹರಣೆಯಿಲ್ಲ.

ಈ ಸಹಕಾರಕ್ಕೆ ಹಿಂದಿನ ಬೇರು ಏನಾದರೂ ಇದೆಯೇ?

ಪೂರ್ವ ಲಂಡನ್ನಿನ ಬ್ರಿಕ್ ಲೇನ್‌ನಲ್ಲಿ ಒಂದು ಕಟ್ಟಡವಿದೆ. 1743ರಲ್ಲಿ ಫ್ರಾನ್ಸಿನಿಂದ ಓಡಿಬಂದ ಪ್ರಾಟೆಸ್ಟೆಂಟರು ಅದನ್ನು ಚರ್ಚಾಗಿ ಕಟ್ಟಿದರು. ನಂತರ ಮೆಥಡಿಸ್ಟ್ ಪಂಥದ ಕ್ರೈಸ್ತರ ಪ್ರಾರ್ಥನಾ ಮಂದಿರವಾಯಿತು. 1898ರಲ್ಲಿ ಪೂರ್ವ ಯೂರೋಪಿನಿಂದ ಬಂದ ಯಹೂದಿಗಳ ಸಿನಗಾಗ್ ಆಯಿತು. 1976ರಿಂದ ಬಾಂಗ್ಲಾ ಮೂಲದವರ ಮಸೀದಿ. ವಲಸೆ ಬಂದವರನ್ನು ಕುರಿತು ಪ್ರತಿ ಕಾಲದಲ್ಲೂ ಊರಿನವರು ಆಡಿಕೊಂಡ ಮಾತು ಹೆಚ್ಚು ಕಡಿಮೆ ಒಂದೇ: ಕೊಳಕು, ಗುಂಪುಗಟ್ಟುತ್ತಾರೆ, ನಮ್ಮ ಕೆಲಸ ಕಸಿಯುತ್ತಾರೆ. ಮಕ್ಕಳನ್ನು ಈ ಗೋಡೆಯ ಮುಂದೆ ನಿಲ್ಲಿಸಿದರೆ ಶಿಕ್ಷಕರು ಹೆಚ್ಚು ಮಾತನಾಡಬೇಕಾಗಿಲ್ಲ.

ಬ್ರಾಡ್‌ಫರ್ಡ್‌ನ ಕತೆ ಇನ್ನೂ ಹತ್ತಿರದ್ದು. 1880ರ ದಶಕದ ಆರಂಭದಲ್ಲಿ ಕಟ್ಟಿದ ಅಲ್ಲಿನ ಸಿನಗಾಗ್‌ನ ಮಾಡು ಸೋರುತ್ತಿತ್ತು, ಸದಸ್ಯರು ಬೆರಳೆಣಿಕೆಯಷ್ಟಿದ್ದರು, 2012ರ ಹೊತ್ತಿಗೆ ಅದನ್ನು ಮಾರುವ ಮಾತು ನಡೆದಿತ್ತು. ಆಗ ಸುತ್ತಲಿನ ಮುಸ್ಲಿಮರು, ಅವರಲ್ಲಿ ನೆರೆಯ ಹೋಟೆಲಿನವರೂ ಮಸೀದಿಗಳ ಮಂಡಳಿಯವರೂ ಸೇರಿ, ಹಣ ಕೂಡಿಸಿ ಅದು ಉಳಿಯಲು ನೆರವಾದರು. ಸಿನಗಾಗ್‌ನ ಅಧ್ಯಕ್ಷರಾಗಿದ್ದ ರೂಡಿ ಲೀವರ್ ನಾಜಿಗಳ ಬರ್ಲಿನ್ನಿನಿಂದ 1937ರಲ್ಲಿ ಕುಟುಂಬದೊಂದಿಗೆ ಪಾರಾಗಿ ಬಂದವರು. ಇದೇ ಊರಿನಲ್ಲಿ 2001ರಲ್ಲಿ ಗಲಭೆಗಳಾದ ಮೇಲೆ, ಬೇರೆ ಬೇರೆ ಸಮುದಾಯಗಳ ಮಕ್ಕಳೇ ಹೆಚ್ಚಿರುವ ಶಾಲೆಗಳನ್ನು ಜೋಡಿ ಮಾಡಿ ಪರಸ್ಪರ ಭೇಟಿ ಮಾಡಿಸುವ ಪದ್ಧತಿಯೂ ಬೆಳೆಯಿತು.

ಬರ್ಮಿಂಗ್‌ಹ್ಯಾಮಿನ ಕಿಂಗ್ ಡೇವಿಡ್ ಪ್ರಾಥಮಿಕ ಶಾಲೆ ಯಹೂದಿ ಶಾಲೆಯೇ ಆದರೂ ಅಲ್ಲಿ ಓದುವ ಮಕ್ಕಳಲ್ಲಿ ಮುಸ್ಲಿಮರದೇ ದೊಡ್ಡ ಪಾಲು. ಭಾರತದ ಓದುಗರಿಗೆ ಇದು ಅಚ್ಚರಿಯಾಗಬೇಕಿಲ್ಲ: 1881ರಲ್ಲಿ ಆರಂಭವಾದ ಕೋಲ್ಕತ್ತದ ಯಹೂದಿ ಬಾಲಕಿಯರ ಶಾಲೆಯಲ್ಲಿ, ಮುಂಬೈ ಬೈಕಲಾದ ಸರ್ ಜೇಕಬ್ ಸಾಸೂನ್ ಶಾಲೆಯಲ್ಲಿ ಇಂದು ಓದುವವರು ಬಹುಪಾಲು ಮುಸ್ಲಿಂ ಮಕ್ಕಳೇ. ಅಲ್ಲಿ ಇದನ್ನು ಯಾರೂ ಅಂತರ್ಧರ್ಮೀಯ ಕಾರ್ಯಕ್ರಮ ಎಂದು ಕರೆದಿಲ್ಲ. ಹತ್ತಿರದ ಒಳ್ಳೆಯ ಶಾಲೆ ಎಂದು ಸೇರಿಸಿದ್ದಾರೆ, ಅಷ್ಟೆ.

ಇಸ್ರೇಲ್ ಮತ್ತು ಪ್ಯಾಲೆಸ್ಟೀನ್ ಮಾತು ಎದ್ದರೆ?

ಎದ್ದೇ ಏಳುತ್ತದೆ. 2023ರ ಅಕ್ಟೋಬರ್ 7ರ ಹಮಾಸ್ ದಾಳಿ ಮತ್ತು ನಂತರದ ಗಾಜಾ ಯುದ್ಧ ಮಕ್ಕಳ ಫೋನಿನೊಳಗೇ ನಡೆದಿವೆ; ಅದರ ಬಗ್ಗೆ ಮಾತೇ ಬೇಡ ಎಂದು ಶಾಲೆ ಬಾಯಿ ಮುಚ್ಚಿಸಿದರೆ ಮಾತು ಶೌಚಾಲಯದ ಗೋಡೆಗೆ ಹೋಗುತ್ತದೆ. ಇಂಗ್ಲೆಂಡಿನ 1996ರ ಶಿಕ್ಷಣ ಕಾಯ್ದೆಯ 406 ಮತ್ತು 407ನೇ ಸೆಕ್ಷನ್‌ಗಳು ಒಂದೇ ರಾಜಕೀಯ ನಿಲುವನ್ನು ಮಕ್ಕಳ ತಲೆಗೆ ತುಂಬುವುದನ್ನು ತಡೆಯುತ್ತವೆ, ವಿವಾದದ ವಿಷಯಗಳಲ್ಲಿ ಭಿನ್ನ ನೋಟಗಳನ್ನು ಸಮತೋಲದಿಂದ ಮುಂದಿಡಬೇಕೆನ್ನುತ್ತವೆ. ಚರ್ಚೆಯನ್ನು ನಿಷೇಧಿಸುವುದಿಲ್ಲ. ಹಲವು ಶಾಲೆಗಳು ಇದನ್ನು ಮೌನಕ್ಕೆ ಆಜ್ಞೆಯೆಂದೇ ಓದಿಕೊಂಡಿರುವುದು ಬೇರೆ ಮಾತು.

ಪೂರ್ವಗ್ರಹದ ಪಾಠ ನಡೆಸುವವರು ಆ ಭೂಮಿಯ ವ್ಯಾಜ್ಯವನ್ನು ತೀರ್ಮಾನಿಸಲು ಹೋಗುವುದಿಲ್ಲ. ಅವರು ಎಳೆಯುವ ಗೆರೆ ಬೇರೆ: ಒಂದು ಸರ್ಕಾರದ ನಡೆಯನ್ನು ಎಷ್ಟು ಕಟುವಾಗಿಯೂ ಟೀಕಿಸಬಹುದು; ಆದರೆ ಮ್ಯಾಂಚೆಸ್ಟರಿನಲ್ಲಿ ಓದುವ ಯಹೂದಿ ಹುಡುಗಿ ಅದಕ್ಕೆ ಉತ್ತರ ಕೊಡಬೇಕಾಗಿಲ್ಲ, ಹಾಗೆಯೇ ಒಂದು ಸಶಸ್ತ್ರ ಗುಂಪಿನ ಕೃತ್ಯವನ್ನು ಮುಸ್ಲಿಂ ಹುಡುಗ ಖಂಡಿಸಿ ತೋರಿಸಿದ ಮೇಲೇ ಅವನನ್ನು ನಂಬುತ್ತೇವೆ ಎನ್ನುವಂತಿಲ್ಲ. ಗೆರೆ ಯಾವಾಗಲೂ ಇಷ್ಟು ನಿಚ್ಚಳವಾಗಿರುವುದಿಲ್ಲ. ಒಂದು ಘೋಷಣೆ ಒಬ್ಬರಿಗೆ ಬಿಡುಗಡೆಯ ಕೂಗಾಗಿ, ಇನ್ನೊಬ್ಬರಿಗೆ ಅಳಿಸಿಹಾಕುವ ಬೆದರಿಕೆಯಾಗಿ ಕೇಳಿಸಬಹುದು, ಮತ್ತು ಇಬ್ಬರೂ ತರಬೇತುದಾರರೇ ಅದರಲ್ಲಿ ಒಮ್ಮತದಲ್ಲಿ ಇಲ್ಲದಿರಬಹುದು. ಆ ಭಿನ್ನಮತವನ್ನು ಮುಚ್ಚಿಡದೆ, ಕಿರುಚದೆ, ಮಕ್ಕಳ ಎದುರೇ ಇಟ್ಟುಕೊಂಡು ಮಾತು ಮುಂದುವರಿಸುವುದನ್ನು ನಾನು ಈ ಪಾಠದ ಅತ್ಯಂತ ಬೆಲೆಯುಳ್ಳ ಭಾಗವೆಂದು ತಿಳಿಯುತ್ತೇನೆ. ಸಂಘರ್ಷವನ್ನೇ ನೇರವಾಗಿ ಎತ್ತಿಕೊಳ್ಳಬೇಕೆನ್ನುವ ಶಾಲೆಗಳಿಗೆ ಇಸ್ರೇಲಿ ಮತ್ತು ಪ್ಯಾಲೆಸ್ಟೀನಿ ಭಾಷಣಕಾರರನ್ನು ಒಟ್ಟಿಗೆ ಕರೆದೊಯ್ಯುವ ‘ಸಲ್ಯೂಷನ್ಸ್ ನಾಟ್ ಸೈಡ್ಸ್’ ಎಂಬ ಬೇರೆಯೇ ಸಂಸ್ಥೆಯಿದೆ.

2023ರ ನಂತರ ಈ ಕೆಲಸ ಕುಸಿದಿಲ್ಲವೇ?

ಪೆಟ್ಟು ಬಿದ್ದಿದೆ. ಹಳೆಯ ಸ್ನೇಹಗಳು ಮುರಿದಿವೆ, ವರ್ಷಗಳಿಂದ ಒಟ್ಟಿಗೆ ಕುಳಿತವರು ಫೋನ್ ಎತ್ತುವುದನ್ನು ಬಿಟ್ಟಿದ್ದಾರೆ. 1987ರಲ್ಲಿ ಸ್ಥಾಪನೆಯಾದ, ಬ್ರಿಟನ್ನಿನ ಎಲ್ಲ ಧರ್ಮಗಳ ಸಂಘಟನೆಗಳನ್ನು ಬೆಸೆಯುತ್ತಿದ್ದ ‘ಇಂಟರ್ ಫೇತ್ ನೆಟ್‌ವರ್ಕ್’ ಸರ್ಕಾರ ಅನುದಾನ ಹಿಂತೆಗೆದುಕೊಂಡ ಕಾರಣ 2024ರಲ್ಲಿ ಬಾಗಿಲು ಹಾಕಿತು. ಮಾತುಕತೆಯ ಅಗತ್ಯ ಹಿಂದೆಂದಿಗಿಂತ ಹೆಚ್ಚಿದ್ದ ಹೊತ್ತಿನಲ್ಲಿ ಅದರ ಜಗಲಿಯನ್ನೇ ಕಿತ್ತುಹಾಕಿದ್ದು ಜಾಣತನವೆಂದು ಹೇಳಲಾರೆ. 2025ರ ಅಕ್ಟೋಬರ್ 2ರಂದು, ಯಹೂದಿಗಳ ಅತಿ ಪವಿತ್ರ ದಿನವಾದ ಯೋಮ್ ಕಿಪ್ಪುರ್‌ನಂದು, ಮ್ಯಾಂಚೆಸ್ಟರಿನ ಹೀಟನ್ ಪಾರ್ಕ್ ಸಿನಗಾಗ್ ಮೇಲೆ ದಾಳಿಯಾಗಿ ಇಬ್ಬರು ಸತ್ತರು. ಎರಡು ದಿನ ಕಳೆದು ದಕ್ಷಿಣ ತೀರದ ಪೀಸ್‌ಹೇವನ್‌ನಲ್ಲಿ ಮಸೀದಿಗೆ ಬೆಂಕಿ ಹಚ್ಚಲಾಯಿತು.

ಇನ್ನೊಂದು ಕಡೆ, ಸ್ಕಾಟ್ಲೆಂಡಿನ ಡ್ರಮ್ಲಾನ್‌ರಿಗ್ ಕೋಟೆಯಲ್ಲಿ ಸೇರಿ ಚರ್ಚಿಸಿದ ಯಹೂದಿ ಮತ್ತು ಮುಸ್ಲಿಂ ಧಾರ್ಮಿಕ ನಾಯಕರು ಪರಸ್ಪರ ಸಹಕಾರದ ಒಪ್ಪಂದವೊಂದನ್ನು ರೂಪಿಸಿ, 2025ರ ಫೆಬ್ರವರಿಯಲ್ಲಿ ದೊರೆ ಚಾರ್ಲ್ಸ್ ಅವರಿಗೆ ಒಪ್ಪಿಸಿದರು. ನಾಯಕರ ಸಹಿಗಿಂತ ಒಂಬತ್ತನೇ ತರಗತಿಯ ಕೋಣೆಯಲ್ಲಿ ಇಬ್ಬರು ಒಟ್ಟಿಗೆ ನಿಲ್ಲುವುದು ದೊಡ್ಡದು ಎಂದು ನನಗನಿಸಿದರೂ, ಮೇಲಿನವರ ಸಹಿಯಿಲ್ಲದೆ ಕೆಳಗಿನವರಿಗೆ ಕೆಲಸ ಕಷ್ಟ ಎಂಬುದೂ ನಿಜ.

ಬೇರೆ ದೇಶಗಳಲ್ಲಿ?

ಜರ್ಮನಿಯ ಅನುಭವ ವಿಶೇಷವಾದದ್ದು. ಬರ್ಲಿನ್ನಿನ ವಲಸಿಗರ ಬಡಾವಣೆ ಕ್ರೊಯ್ಟ್ಸ್‌ಬರ್ಗ್‌ನಲ್ಲಿ 2003ರಲ್ಲಿ ಹುಟ್ಟಿದ, ತುರ್ಕಿ ಮೂಲದವರು ಮುಂದಾಳುಗಳಾಗಿದ್ದ ಒಂದು ಸಂಸ್ಥೆ ಮುಸ್ಲಿಂ ಯುವಕರೊಡನೆ ಯಹೂದಿ ದ್ವೇಷದ ಕುರಿತು ಪಾಠಕ್ರಮಗಳನ್ನೇ ರೂಪಿಸಿತು. 2012ರಲ್ಲಿ ಅದೇ ನಗರದ ರಸ್ತೆಯಲ್ಲಿ ರಬ್ಬಿಯೊಬ್ಬರ (ಯಹೂದಿ ಧರ್ಮಗುರು) ಮೇಲೆ ಅವರ ಪುಟ್ಟ ಮಗಳ ಕಣ್ಣೆದುರೇ ಹಲ್ಲೆ ನಡೆಯಿತು. ಆ ಬಳಿಕ ಬೆಳೆದ ‘ಮೀಟ್ ಟು ರೆಸ್ಪೆಕ್ಟ್’ ಯೋಜನೆ ರಬ್ಬಿ ಮತ್ತು ಇಮಾಮರನ್ನು ಜೋಡಿಯಾಗಿ ಶಾಲೆಗಳಿಗೆ ಕಳಿಸುತ್ತದೆ. 2018ರ ಜೂನ್‌ನಲ್ಲಿ ರಬ್ಬಿಗಳೂ ಇಮಾಮರೂ ಇಬ್ಬಿಬ್ಬರು ಸೇರಿ ತುಳಿಯುವ ಸೈಕಲ್‌ಗಳನ್ನೇರಿ ನಗರದಲ್ಲಿ ಮೆರವಣಿಗೆ ಹೊರಟರು. ಅಂಥ ಸೈಕಲ್‌ನಲ್ಲಿ ಒಬ್ಬರು ತುಳಿಯುವುದನ್ನು ನಿಲ್ಲಿಸಿದರೆ ಇನ್ನೊಬ್ಬರಿಗೆ ತಕ್ಷಣ ಗೊತ್ತಾಗುತ್ತದೆ. ಡುಯಿಸ್‌ಬರ್ಗ್‌ನ ಶಿಕ್ಷಕ ಬುರಾಕ್ ಯಿಲ್ಮಾಜ್ 2012ರಿಂದ ಮುಸ್ಲಿಂ ಯುವಕರನ್ನು ನಾಜಿಗಳು ಯಹೂದಿಗಳನ್ನು ಸಾಮೂಹಿಕವಾಗಿ ಕೊಂದ ಆಶ್‌ವಿಟ್ಸ್ ಶಿಬಿರಕ್ಕೆ ಕರೆದೊಯ್ಯುತ್ತ ಬಂದರು.

ಫ್ರಾನ್ಸಿನಲ್ಲಿ ಲತೀಫಾ ಇಬ್ನ್ ಝಿಯಾತೆನ್ ಎಂಬ ಮೊರಾಕೊ ಮೂಲದ ತಾಯಿಯ ಮಗ, ಸೈನಿಕ ಇಮಾದ್, 2012ರ ಮಾರ್ಚ್‌ನಲ್ಲಿ ಉಗ್ರನ ಗುಂಡಿಗೆ ಬಲಿಯಾದ. ಅದೇ ಉಗ್ರ ಎಂಟು ದಿನಗಳ ನಂತರ ಟುಲೂಸ್‌ನ ಯಹೂದಿ ಶಾಲೆಯಲ್ಲಿ ಒಬ್ಬ ರಬ್ಬಿಯನ್ನೂ ಮೂವರು ಮಕ್ಕಳನ್ನೂ ಕೊಂದ. ಆಕೆ ಅಂದಿನಿಂದ ಶಾಲೆ, ಜೈಲುಗಳಿಗೆ ಹೋಗಿ ಯುವಕರೊಡನೆ ಮಾತನಾಡುತ್ತ ಬಂದಿದ್ದಾರೆ. ಮೊರಾಕೊದ ಇಫ್ರಾನ್‌ನಲ್ಲಿ ಮುಸ್ಲಿಂ ವಿದ್ಯಾರ್ಥಿಗಳು 2007ರಲ್ಲಿ ಕಟ್ಟಿದ ‘ಮಿಮೂನಾ’ ಸಂಘ ತಮ್ಮ ದೇಶದ ಯಹೂದಿ ಪರಂಪರೆಯನ್ನು ಕಲಿಸುವ ಕೆಲಸ ಮಾಡುತ್ತಿದೆ, 2011ರಲ್ಲಿ ಹಾಲೊಕಾಸ್ಟ್ (ನಾಜಿಗಳು ನಡೆಸಿದ ಯಹೂದಿಗಳ ಹತ್ಯಾಕಾಂಡ) ಕುರಿತ ಸಮ್ಮೇಳನವನ್ನೂ ನಡೆಸಿತು.

ಇದರಿಂದ ನಿಜಕ್ಕೂ ಮನಸ್ಸು ಬದಲಾಗುತ್ತದೆಯೇ?

ಭಿನ್ನ ಗುಂಪಿನವರು ಸಮಾನ ಸ್ಥಾನದಲ್ಲಿ, ಒಂದೇ ಗುರಿಗಾಗಿ, ಸಹಕರಿಸುತ್ತ, ಸಂಸ್ಥೆಯ ಬೆಂಬಲದೊಂದಿಗೆ ಭೇಟಿಯಾದರೆ ಪೂರ್ವಗ್ರಹ ಕಡಿಮೆಯಾಗುತ್ತದೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ವಾದಿಸಿದರು. 2006ರಲ್ಲಿ 515 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವಿಶ್ಲೇಷಣೆ ಆ ವಾದವನ್ನು ಬಹುಮಟ್ಟಿಗೆ ಸಮರ್ಥಿಸಿತು. ಆದರೆ 2019ರಲ್ಲಿ ಇನ್ನೊಂದು ತಂಡ, ಕಟ್ಟುನಿಟ್ಟಾದ ಪ್ರಯೋಗದ ಮಾದರಿಯಲ್ಲಿ ನಡೆದು ಪರಿಣಾಮವನ್ನು ಆಮೇಲೂ ಅಳೆದ ಅಧ್ಯಯನಗಳನ್ನಷ್ಟೇ ಹುಡುಕಿದಾಗ ಸಿಕ್ಕಿದ್ದು 27. ಪರಿಣಾಮ ಒಟ್ಟಿನಲ್ಲಿ ಒಳ್ಳೆಯದೇ, ಆದರೆ ಜನಾಂಗೀಯ ಪೂರ್ವಗ್ರಹದ ವಿಷಯದಲ್ಲಿ ದುರ್ಬಲ. ಹಾಗಾಗಿ ಒಂದು ಗಂಟೆಯ ಪಾಠ ಒಂದು ಪೀಳಿಗೆಯನ್ನು ತಿದ್ದುತ್ತದೆ ಎನ್ನುವವರನ್ನು ನಂಬಬೇಕಾಗಿಲ್ಲ. ಶಾಲೆಯ ಶಿಕ್ಷಕರು ಮುಂದಿನ ವಾರವೂ ಅದೇ ಮಾತನ್ನು ಎತ್ತಿಕೊಂಡರೆ ಮಾತ್ರ ಅದು ನೆಲಕ್ಕಿಳಿಯುತ್ತದೆ.

ಇಲ್ಲೊಂದು ಪಕ್ಕದ ಮಾತು: ಈಜಿಪ್ಟಿನ ಮುಸ್ಲಿಂ ಫುಟ್‌ಬಾಲ್ ಆಟಗಾರ ಮೊಹಮ್ಮದ್ ಸಲಾ ಲಿವರ್‌ಪೂಲ್ ತಂಡ ಸೇರಿದ ಮೇಲೆ ಆ ಪ್ರದೇಶದ ದ್ವೇಷಾಪರಾಧಗಳು ನಿರೀಕ್ಷೆಗಿಂತ ಶೇ 16ರಷ್ಟು ಕಡಿಮೆಯಾದವೆಂದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತು. ಪ್ರೀತಿಸುವ ಒಬ್ಬ ಮನುಷ್ಯನ ಮೂಲಕ ಕಲಿಯುವುದು ಸುಲಭ.

ಧರ್ಮ ಪ್ರಚಾರದ ಭಯವಿಲ್ಲವೇ? ಶಾಲೆ ಹಣ ಕೊಡಬೇಕೇ?

ಯಾರನ್ನೂ ಮತಕ್ಕೆ ಸೆಳೆಯುವುದು ಇದರ ಉದ್ದೇಶವಲ್ಲ. ದೇವರ ಬಗ್ಗೆ ಮಾತು ಬರುವುದೇ ಕಡಿಮೆ. ‘ಸ್ಟ್ಯಾಂಡ್ ಅಪ್!’ ಕಾರ್ಯಕ್ರಮ ಶಾಲೆಗಳಿಗೆ ಉಚಿತ.

ನಮ್ಮ ಮಗು ಯಹೂದಿಯೂ ಅಲ್ಲ, ಮುಸ್ಲಿಮನೂ ಅಲ್ಲ. ಅವನಿಗೆ ಇದೇಕೆ?

ಬ್ರಿಟನ್ನಿನ ರಸ್ತೆಯಲ್ಲಿ ನಿಮ್ಮ ಮಗನನ್ನು ಬೈಯುವವನು ಮೊದಲು ನಿಮ್ಮ ಗೋತ್ರ ಕೇಳುವುದಿಲ್ಲ. ಕಂದು ಬಣ್ಣದ ಹಿಂದೂ, ಸಿಖ್ ಮಕ್ಕಳನ್ನು ಮುಸ್ಲಿಮರೆಂದು ತಿಳಿದು ನಿಂದಿಸುವುದುಂಟು. ಆಗ ‘ನಾನು ಅವರವನಲ್ಲ’ ಎಂದು ತಪ್ಪಿಸಿಕೊಳ್ಳುವ ಆಸೆ ಸಹಜ. ಆ ಉತ್ತರ ನಿಂದನೆ ಸರಿಯೇ, ವಿಳಾಸ ಮಾತ್ರ ತಪ್ಪು ಎಂದು ಒಪ್ಪಿಕೊಂಡಂತಾಗುತ್ತದೆ ಎಂಬುದನ್ನು ಮಗು ಎಲ್ಲಾದರೂ ಕಲಿಯಬೇಕು. ಇದರ ಜೊತೆಗೆ, ಯಹೂದಿಗಳನ್ನು ಹೊಗಳಿ ಮುಸ್ಲಿಮರನ್ನು ಹಳಿಯುವ, ಅಥವಾ ಅದಕ್ಕೆ ತಿರುಗಾಮುರುಗ ಮಾಡುವ ಸಂದೇಶಗಳು ನಮ್ಮ ಕುಟುಂಬಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲೂ ಓಡಾಡುತ್ತವೆ. ಹೊಗಳಿಕೆಯೂ ಪೂರ್ವಗ್ರಹವೇ: ಯಹೂದಿಗಳೆಲ್ಲ ಮಹಾ ಬುದ್ಧಿವಂತರು ಎನ್ನುವವರು, ಅವರೇ ಜಗತ್ತನ್ನು ಆಡಿಸುತ್ತಾರೆ ಎನ್ನುವವರಿಂದ ಒಂದೇ ಹೆಜ್ಜೆ ದೂರ.

ಇಂಗ್ಲೆಂಡಿನಲ್ಲಿ ಧಾರ್ಮಿಕ ಶಿಕ್ಷಣದ ತರಗತಿಯಿಂದ ಮಗುವನ್ನು ಹೊರಗಿರಿಸಲು ಪೋಷಕರಿಗೆ ಹಕ್ಕಿದೆ. ಪೂರ್ವಗ್ರಹದ ಪಾಠ ನಾಗರಿಕ ಶಿಕ್ಷಣದ ಭಾಗವಾಗಿದ್ದರೆ ಆ ಹಕ್ಕು ಅದಕ್ಕೆ ಅನ್ವಯಿಸುವುದಿಲ್ಲ. ಸಂದೇಹವಿದ್ದರೆ ಶಾಲೆಯನ್ನೇ ಕೇಳುವುದು ಒಳ್ಳೆಯದು.

ಕರ್ನಾಟಕಕ್ಕೂ ಇದಕ್ಕೂ ಸಂಬಂಧವಿರುವ ಕತೆ ಏನಾದರೂ ಇದೆಯೇ?

ಒಂದಿದೆ. ಮೈಸೂರಿನ ಟಿಪ್ಪು ಸುಲ್ತಾನನ ವಂಶದ ನೂರ್ ಇನಾಯತ್ ಖಾನ್, ಸೂಫಿ ಗುರುವಿನ ಮಗಳು, ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಗುಪ್ತದಳದ ವೈರ್‌ಲೆಸ್ ನಿರ್ವಾಹಕಿಯಾಗಿ 1943ರ ಜೂನ್‌ನಲ್ಲಿ ನಾಜಿಗಳ ವಶದಲ್ಲಿದ್ದ ಫ್ರಾನ್ಸಿಗೆ ಹೋದಳು. ಸೆರೆಸಿಕ್ಕು, 1944ರ ಸೆಪ್ಟೆಂಬರ್ 13ರಂದು ಡಾಖಾವ್ ಶಿಬಿರದಲ್ಲಿ ಗುಂಡಿಗೆ ಬಲಿಯಾದಾಗ ಆಕೆಗೆ ಮೂವತ್ತು ವರ್ಷ. ಲಂಡನ್ನಿನ ಗಾರ್ಡನ್ ಸ್ಕ್ವೇರಿನಲ್ಲಿ 2012ರಿಂದ ಆಕೆಯ ಪ್ರತಿಮೆಯಿದೆ. ಯುದ್ಧದಲ್ಲಿ ಮುಸ್ಲಿಮರು ಎಲ್ಲಿದ್ದರು ಎಂದು ಕೇಳುವ ಮಕ್ಕಳಿಗೆ ಈ ಕತೆ ಉಪಯುಕ್ತ. ಆದರೆ ಆಕೆ ಯಹೂದಿಗಳನ್ನು ಪಾರುಮಾಡಲೆಂದು ಹೋದವಳಲ್ಲ, ಹಾಗೆಂದು ಎಳೆದು ಹೇಳಬಾರದು.

ಆ ಕೆಲಸವನ್ನೇ ಮಾಡಿದವರು ಬೇಕೆಂದರೆ ಬರ್ಲಿನ್ನಿನ ಈಜಿಪ್ಟ್ ಮೂಲದ ವೈದ್ಯ ಮೊಹಮ್ಮದ್ ಹೆಲ್ಮಿ ಇದ್ದಾರೆ. ಅನ್ನಾ ಬೊರೊಸ್ ಎಂಬ ಯಹೂದಿ ಹುಡುಗಿಯನ್ನು ಯುದ್ಧ ಮುಗಿಯುವವರೆಗೂ ಅವರು ಅಡಗಿಸಿಟ್ಟರು. ಯಹೂದಿಗಳನ್ನು ಉಳಿಸಿದವರಿಗೆ ಇಸ್ರೇಲಿನ ಹಾಲೊಕಾಸ್ಟ್ ಸ್ಮಾರಕ ಸಂಸ್ಥೆ ಯಾದ್ ವಾಶೆಮ್ ಕೊಡುವ ಗೌರವವನ್ನು 2013ರಲ್ಲಿ, ಮರಣೋತ್ತರವಾಗಿ, ಪಡೆದ ಮೊದಲ ಅರಬರಾದರು. ಗೌರವ ಕೊಡುವವರು ಇಸ್ರೇಲಿನವರೆಂಬ ಕಾರಣಕ್ಕೆ ಕುಟುಂಬದವರು ಮೊದಲು ಅದನ್ನು ನಿರಾಕರಿಸಿದರು. ನಾಲ್ಕು ವರ್ಷಗಳ ನಂತರ ಸಂಬಂಧಿಕರೊಬ್ಬರು ಬರ್ಲಿನ್ನಿನಲ್ಲಿ ಸ್ವೀಕರಿಸಿದರು. ಮಕ್ಕಳಿಗೆ ಈ ಎರಡನೇ ಭಾಗವನ್ನೂ ಹೇಳಬೇಕು.

ನಮ್ಮ ಮಗು ಇಂಥದ್ದನ್ನು ಅನುಭವಿಸಿದರೆ ಅಥವಾ ಕಣ್ಣಾರೆ ಕಂಡರೆ ಎಲ್ಲಿ ಹೇಳಬೇಕು?

ಶಾಲೆಯಲ್ಲಿ ನಡೆದಿದ್ದರೆ ಮೊದಲು ತರಗತಿಯ ಶಿಕ್ಷಕರಿಗೆ, ದಿನಾಂಕ ಮತ್ತು ಆಡಿದ ಮಾತನ್ನು ಆದಷ್ಟು ಯಥಾವತ್ತಾಗಿ ಬರೆದು ಕೊಡಬೇಕು. ಹೊರಗಡೆ ನಡೆದಿದ್ದರೆ ಪೊಲೀಸರಿಗೆ ತಿಳಿಸಬಹುದು. ಅಪಾಯ ಎದುರಿಗಿದ್ದರೆ 999, ಇಲ್ಲದಿದ್ದರೆ 101. ಯಹೂದಿಗಳ ವಿರುದ್ಧದ ಘಟನೆಗಳನ್ನು ಆ ಸಮುದಾಯದ್ದೇ ಆದ ಕಮ್ಯುನಿಟಿ ಸೆಕ್ಯುರಿಟಿ ಟ್ರಸ್ಟ್ 1984ರಿಂದ ದಾಖಲಿಸುತ್ತ ಬಂದಿದೆ. ಮುಸ್ಲಿಮರ ವಿರುದ್ಧದವನ್ನು ‘ಟೆಲ್ ಮಾಮಾ’ 2012ರಿಂದ ದಾಖಲಿಸುತ್ತಿದೆ; ಆ ಸಂಸ್ಥೆ ಆರಂಭವಾಗುವಾಗ ದಾಖಲಾತಿಯ ಕ್ರಮವನ್ನು ಹೇಳಿಕೊಟ್ಟವರಲ್ಲಿ ಕಮ್ಯುನಿಟಿ ಸೆಕ್ಯುರಿಟಿ ಟ್ರಸ್ಟ್‌ನವರೂ ಇದ್ದರು.